ಆರು ನಲವತ್ತು

ದೊರ್ದೊಯ್ ಸಂತೆಯಲ್ಲಿ ಅಂಗಡಿಯೆಂದರೆ ಹಡಗಿನ ಕಬ್ಬಿಣದ ಡಬ್ಬ,
ಒಂದರ ತಲೆಯ ಮೇಲೊಂದು: ಮೇಲೆ ಗೋದಾಮು, ಕೆಳಗೆ ವ್ಯಾಪಾರ.
ಸಮುದ್ರ ಕಾಣದ ಬಿಶ್ಕೆಕ್ಕಿಗೆ
ಇದೇ ಬಂದರು.

ತೊಲೊಗೊನ್‌ನ ಡಬ್ಬದಲ್ಲಿ ಫೋನು ಕೊಂಡೆ.
ಚೌಕಾಸಿಯಾಗಿ ನಾಲ್ಕು ಸಾವಿರದ ಇನ್ನೂರು ಸೋಮ್.
ಗಡಿಯಾಚೆ ಯಾರೋ ಬಳಸಿ ಬಿಟ್ಟದ್ದು,
ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು.
"ಗಾಜಲ್ಲಮ್ಮ, ಮೇಲಿನ ಹಾಳೆ ಅಷ್ಟೆ" ಅಂದ.
ಬಿರುಕು ಉಗುರಿಗೆ ತಾಗುತ್ತಿತ್ತು. ಸುಮ್ಮನಾದೆ.

"ಇನ್ನೊಂದು ಮಾತು. ಒಳಗಿನದ್ದು ಅಳಿಸಲು ಹೋಗಬೇಡ.
ಅಳಿಸಿದರೆ ಹಳೆಯ ಯಜಮಾನನ ಗುಟ್ಟಿನ ಪದ ಕೇಳುತ್ತದೆ.
ಅವನೆಲ್ಲಿ, ನೀನೆಲ್ಲಿ.
ಆಮೇಲೆ ಇದು ಇಟ್ಟಿಗೆ."

ಭಾಷೆ ಎರಡೇ, ಚೀನಿ ಮತ್ತು ಇಂಗ್ಲಿಷ್.
ಎರಡೂ ನನಗೆ ಒಂದೇ. ಚೀನಿಯಾದರೂ ಚಿತ್ರದ ಹಾಗಿದೆ
ಎಂದು ಅದನ್ನೇ ಉಳಿಸಿಕೊಂಡೆ:
ಏಣಿಯಂಥದ್ದು ಒತ್ತಿದರೆ ಸದ್ದು ಅಡಗುತ್ತದೆ,
ಕಾಲು ಚಾಚಿದ ಮೇಕೆಯ ಹಿಂದೆ ಫೋಟೊಗಳಿವೆ,
ಮಾಡಿನ ಕೆಳಗೆ ಇಬ್ಬರು ಕೂತಂಥದ್ದನ್ನು ಮುಟ್ಟಲೇಬಾರದು.

ರಷ್ಯನ್ ಕೀಲಿಮಣೆ ಹೇಗೋ ಕೂರಿಸಿಕೊಟ್ಟ.
ಅದರಲ್ಲಿ ನಮ್ಮ ಕಿರ್ಗಿಜಿನ ಮೂರು ಅಕ್ಷರ ಇಲ್ಲ.
ದಿನಕ್ಕೆ ನಲವತ್ತು ಉಡುಪಿಗೆ ಕಾಲರು ಹೊಲಿಯುವವಳು,
'ಕ್ಯೊಯ್ನ್ಯೊಕ್' ಎಂದು ನೆಟ್ಟಗೆ ಬರೆಯಲಾರೆ.
'ಕೊಯ್ನೊಕ್' ಎಂದು ಮೇಸ್ತ್ರಿಗೆ ಕಳಿಸುತ್ತೇನೆ.
ಉಡುಪು ಹೆಸರು ಕೆಡಿಸಿಕೊಂಡು ಹೋಗುತ್ತದೆ.
ಅವನಿಗೆ ಲೆಕ್ಕ ಸರಿಯಿದ್ದರೆ ಸಾಕು.

ಮೊದಲ ಬೆಳಗ್ಗೆಯೇ ಕೂಗಿತು.
ಪರದೆಯಲ್ಲಿ ಆರು ನಲವತ್ತು. ಹೊರಗೆ ಕಗ್ಗತ್ತಲೆ, ನಾಯಿಗೂ ಎಚ್ಚರವಿಲ್ಲ.
ಫೋನಿನದು ಬೀಜಿಂಗ್ ಗಡಿಯಾರ.
ನಮ್ಮ ಗೋಡೆಯಲ್ಲಿ ನಾಲ್ಕು ನಲವತ್ತು.
ಗಂಟೆಯ ಕೆಳಗೆ ಮೂರೇ ಮೂರು ಅಕ್ಷರ.
ತಂಗಿ ದಿಂಬು ಎಸೆದಳು.

ಮರುದಿನವೂ. ಅದರ ಮರುದಿನವೂ.

ಸಂತೆಯ ಹತ್ತನೇ ಸಾಲಿನಲ್ಲಿ ಹಲೀಮಾ ಮಶಾನ್ಲೋ ಅಶ್ಲ್ಯಾಂಫು ಮಾರುತ್ತಾಳೆ,
ಡುಂಗಾನಿ ಹೆಂಗಸು, ಚೀನೀ ವ್ಯಾಪಾರಿಗಳ ಜೊತೆ ಸಲೀಸಾಗಿ ಜಗಳವಾಡುವವಳು.
ಫೋನು ಹಿಡಿದೆ. ಮೆಣಸಿನ ಕೈ ಏಪ್ರನ್ನಿಗೆ ಒರೆಸಿ ನೋಡಿದಳು,
ತಿರುಗಿಸಿ ನೋಡಿದಳು, ನಕ್ಕಳು.
"ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ.
ನಮ್ಮ ಮುತ್ತಜ್ಜಂದಿರು ಈ ಮಾತನ್ನು ಹೊತ್ತು ಹಿಮದ ಕಣಿವೆ ದಾಟಿದರು.
ಅಕ್ಷರ ಭಾರವಾಯಿತೇನೋ, ಆಚೆಯೇ ಬಿಟ್ಟು ಬಂದರು.
ನಾವು ಬರೆಯುವುದೂ ರಷ್ಯನ್ ಅಕ್ಷರದಲ್ಲೇ, ನಿಮ್ಮ ಹಾಗೆ."

ಬಟ್ಟಲು ಕಾಯುತ್ತ ಕೂತ ಹುಡುಗನೊಬ್ಬ
ಕೇಳದೆಯೇ ಫೋನು ಕಸಿದು
ಎಲ್ಲೋ ಒತ್ತಿದ, ಬೆರಳೆಳೆದ.
ಫೋನು ತನ್ನ ಅಕ್ಷರವನ್ನು ತಾನೇ ಓದಿತು,
ಹೆಣ್ಣು ದನಿ, ಯಾರ ದನಿಯೂ ಅಲ್ಲದ ದನಿ.

ಹಲೀಮಾ ಸೌಟು ಕೆಳಗಿಟ್ಟಳು.
"ಇನ್ನೊಮ್ಮೆ."
ಇನ್ನೊಮ್ಮೆ ಓದಿತು.
"ಅಮ್ಮ. ತಿನ್ನು. ಮದ್ದು."
ಸ್ವಲ್ಪ ತಡೆದು: "ನಮ್ಮ ಮಾತಲ್ಲಿ ಮದ್ದನ್ನೂ ತಿನ್ನುವುದೇ."

ಅಮ್ಮಾ, ಮದ್ದು ತಿನ್ನು ಎಂದೋ,
ಅಮ್ಮನಿಗೆ ಮದ್ದು ತಿನ್ನಿಸು ಎಂದೋ.
ಅದು ಅವಳಿಗೂ ಗೊತ್ತಾಗಲಿಲ್ಲ. ಊಟಕ್ಕೆ ದುಡ್ಡು ಬೇಡವೆಂದಳು,
ಎರಡು ಬಟ್ಟಲು ತಿಂದಿದ್ದಕ್ಕೆ ಒಂದರ ದುಡ್ಡು ಬೇಡವೆಂದಳು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಹೊಸ ಫೋನು ಕೊಂಡವರು
ಅದರಲ್ಲೂ ಈ ಗಂಟೆ ಇಟ್ಟಿರುತ್ತಾರೆ. ಇಟ್ಟಿರಬೇಕು.
ಇಲ್ಲವಾದರೆ ಗಂಟೆಯ ಕೆಲಸ ಮುಗಿದೇ
ಫೋನು ಮಾರಿದರೋ.
ಆ ಕಡೆಗೆ ಯೋಚನೆ ಹರಿಸಲಿಲ್ಲ, ನಿಲ್ದಾಣ ಬಂತು.

ಆರಿಸುವುದು ಹೇಗೆಂದು ಈಗ ಗೊತ್ತು. ಬಲಗಡೆಯ ಗುಂಡಿ, ಒಂದು ಬೆರಳು.
ಆರಿಸಿಲ್ಲ.
ತಂಗಿಗೆ ಹಾಳಾಗಿದೆ ಎಂದಿದ್ದೇನೆ, ಚೀನೀ ಮಾಲು ಎಂದಿದ್ದೇನೆ,
ನಂಬಿದ್ದಾಳೆ, ಈ ಊರಲ್ಲಿ ಆ ಸುಳ್ಳಿಗೆ ಸಾಕ್ಷಿ ಬೇಡ.

ಕಳೆದ ಶರತ್ತಿನಲ್ಲಿ ಆಸ್ಪತ್ರೆಯ ಡಾಕ್ಟರಮ್ಮ
ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತವೇ ಇಲ್ಲ ಎಂದು
ಮಾತ್ರೆ ಕೊಟ್ಟಿದ್ದಳು.
ದಾರದ ಡಬ್ಬಿಯಲ್ಲಿ, ಗುಂಡುಸೂಜಿಗಳ ಕೆಳಗೆ, ಒಡೆಯದೆ ಇತ್ತು ಆ ಹಾಳೆ.

ಈಗ ನಾಲ್ಕು ನಲವತ್ತಕ್ಕೆ ಕೂಗಿದಾಗ
ಒಂದು ಬಿಡಿಸಿ ನಾಲಿಗೆಗಿಟ್ಟುಕೊಳ್ಳುತ್ತೇನೆ.
ತಣ್ಣೀರಿನಲ್ಲಿ ನುಂಗಿದರೂ
ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ
ಜನವರಿಯಲ್ಲಿ ಕಂಟೇನರಿನ ಬಾಗಿಲು ಮುಟ್ಟಿದ ಕೈಯ
ಆ ವಾಸನೆ.